ಬಸ್ ಸ್ಟಾಪಿನ ಹುಡುಗ

ವಾರ್ನಿಷ್ ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಕುಲುಕಿದ್ದೆನಲ್ಲ? ಕುಲುಕಿದ್ದೆ. ಒಳಗಿನ ಗುಂಡು ಟಕಟಕ ಅನ್ನುವವರೆಗೂ ಕುಲುಕಿದ್ದೆ. ಕಿಟಕಿ? ವಾಸನೆ ಹೋಗಲಿ ಎಂದು ಅಪ್ಪ ತೆಗೆಯುವ ಹಾಗೆ ಅದನ್ನೂ ತೆಗೆದಿದ್ದೆ. ಮತ್ತೆ ಯಾಕೆ ಹೀಗಾಯಿತು?

ತನ್ನನ್ನೇ ಕೇಳಿಕೊಳ್ಳುತ್ತಾ ಇರುವೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಅಪ್ಪನ ಮೇಜಿನ ಮೇಲಿದ್ದ ಪುಟಾಣಿ ಪ್ಲಾಸ್ಟಿಕ್ ಹುಡುಗನ ಮುಖ ಬೆಳ್ಳಗಾಗಿಬಿಟ್ಟಿತ್ತು. ನೀಲಿ ಸ್ವೆಟರು, ಕೆಂಪು ಬ್ಯಾಗು, ಕಪ್ಪು ಬೂಟು, ಎಲ್ಲದರ ಮೇಲೂ ಯಾರೋ ಹಿಟ್ಟು ಉದುರಿಸಿದ ಹಾಗಿತ್ತು. ಒಣಗಿದರೆ ಸರಿಹೋಗುತ್ತದೆ ಎಂದುಕೊಂಡಳು. ಒಣಗಿತು. ಸರಿಹೋಗಲಿಲ್ಲ. ಹೊರಗೆ ಮಳೆ ಬೆಳಗಿನಿಂದಲೂ ಬಿಟ್ಟಿರಲಿಲ್ಲ.

ಇರುವೆ ಎನ್ನುವುದು ಅಣ್ಣ ಇಟ್ಟ ಹೆಸರು. ಸಣ್ಣ ಸಾಮಾನು ಎಲ್ಲಿ ಕಂಡರೂ ಇವಳು ಮುತ್ತಿಕೊಳ್ಳುತ್ತಾಳೆ ಎಂದು. ಕಳೆದ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದ ಅಣ್ಣ ಮನೆಗೆ ವಾಪಸ್ ಬರಲಿಲ್ಲ. ಆಮೇಲೆ ಆ ಹೆಸರು ಹಿಡಿದು ಅವಳನ್ನು ಯಾರೂ ಕರೆಯಲಿಲ್ಲ. ಅವಳು ಮಾತ್ರ ಮನಸ್ಸಿನೊಳಗೆ ತನ್ನನ್ನು ಹಾಗೇ ಕರೆದುಕೊಳ್ಳುತ್ತಿದ್ದಳು.

ಹುಡುಗ ನಿಂತಿದ್ದ ಈ ಪುಟಾಣಿ ಬಸ್ ಸ್ಟಾಪು ಅಪ್ಪ ಮತ್ತು ಅಣ್ಣ ಸೇರಿ ಶುರು ಮಾಡಿದ್ದು. ಅಪ್ಪ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಸಣ್ಣ ಸ್ಕ್ರೂ, ಸಣ್ಣ ಚಿಮಟ ಅವನ ಕೈಗೆ ಹೊಸದೇನಲ್ಲ. ಅಂಗೈ ಅಗಲದ ಹಲಗೆಯ ಮೇಲೆ ಕಾರ್ಕ್ ಹಾಳೆ ಕತ್ತರಿಸಿ ಅಂಟಿಸಿ ಇಬ್ಬರೂ ಫುಟ್‌ಪಾತ್ ಮಾಡಿದ್ದರು. ಗೋಂದು ಬಳಿದು ಜರಡಿ ಹಿಡಿದ ಮರಳು ಉದುರಿಸಿದರೆ ರಸ್ತೆ. ಸೋಸಿ ಒಣಗಿಸಿದ ಟೀ ಪುಡಿಯೇ ಚರಂಡಿಯ ಕೆಸರು. ಒಂದು ಬೆಂಚು, ಒಂದು ಕಂಬ. ಬಸ್ಸಿಗೆ ಮಾತ್ರ ಹಲಗೆಯಲ್ಲಿ ಜಾಗವೇ ಇರಲಿಲ್ಲ.

"ನಿನ್ನ ಸ್ಟಾಪಿಗೆ ಬಸ್ಸು ಯಾವ ಜನ್ಮದಲ್ಲಿ ಬರೋದಪ್ಪ?" ಎಂದು ಅಣ್ಣ ರೇಗಿಸುತ್ತಿದ್ದ.

"ಟ್ರಾಫಿಕ್ ಕಣೋ. ಸ್ವಲ್ಪ ಕಾಯಿ," ಎಂದು ಅಪ್ಪ ಮುಖ ಗಂಟು ಹಾಕಿಕೊಂಡು ಹೇಳುತ್ತಿದ್ದ. ಆಮೇಲೆ ಇಬ್ಬರಿಗೂ ನಗು ತಡೆಯಲು ಆಗುತ್ತಿರಲಿಲ್ಲ.

ಆಗ ಸ್ಟಾಪು ಖಾಲಿ ಇತ್ತು. ಅಣ್ಣ ಹೋದಮೇಲೆ ಅಪ್ಪ ಹೆಬ್ಬೆರಳಿನ ಅರ್ಧದಷ್ಟಿದ್ದ ಈ ಬೊಂಬೆಯನ್ನು ತಂದ. ಅದರ ಪಾದಕ್ಕೆ ಸೂಜಿ ಚುಚ್ಚಿ, ಸೂಜಿಯನ್ನು ಬಾಟಲಿಯ ಬಿರಡೆಗೆ ನೆಟ್ಟು, ಬಿರಡೆ ಹಿಡಿದು ತಿರುಗಿಸುತ್ತಾ ಬಣ್ಣ ಹಚ್ಚಿದ. ಅಣ್ಣನ ನೀಲಿ ಸ್ವೆಟರು. ಅಣ್ಣನ ಕೆಂಪು ಬ್ಯಾಗು. ಎಡಗಾಲಿನ ಬೂಟಿನಿಂದ ಕೂದಲೆಳೆಯಷ್ಟು ಬಿಳಿ ಗೆರೆ. ಅಣ್ಣನ ಎಡಗಾಲಿನ ಲೇಸು ಯಾವತ್ತೂ ಬಿಚ್ಚಿಕೊಂಡೇ ಇರುತ್ತಿತ್ತು.

ಹುಡುಗ ಹಲಗೆಯ ಮೇಲೆ ನಿಂತೂ ಆಯಿತು. ಆದರೂ ಕೆಲಸ ಮುಗಿಯಲಿಲ್ಲ. ಅಂಗಡಿಯಿಂದ ಬಂದವನೇ ಅಪ್ಪ ಭೂತಗನ್ನಡಿ ಹಿಡಿದು ಕೂತುಬಿಡುತ್ತಿದ್ದ. ಇವತ್ತು ಕೆನ್ನೆಗೆ ಒಂಚೂರು ನೆರಳು, ನಾಳೆ ಬ್ಯಾಗಿನ ಪಟ್ಟಿ, ಆಮೇಲೆ ಮತ್ತೆ ಕೆನ್ನೆ. ಲೆಕ್ಕ ಹೇಳಿಕೊಡು ಎಂದರೆ ಹೂಂ ಅನ್ನುತ್ತಿದ್ದ, ತಲೆ ಎತ್ತುತ್ತಿರಲಿಲ್ಲ. ಅದನ್ನು ಮುಗಿಸಿ ಷೋಕೇಸಿನಲ್ಲಿ ಇಡಿ, ಇರುವ ಮಗಳ ಕಡೆಗೂ ಸ್ವಲ್ಪ ನೋಡಿ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು.

"ವಾರ್ನಿಷ್ ಒಂದು ಬಾಕಿ," ಎನ್ನುತ್ತಿದ್ದ ಅಪ್ಪ. ವಾರ್ನಿಷ್ ಹೊಡೆದ ಮೇಲೆ ಬೊಂಬೆಯನ್ನು ಮತ್ತೆ ಮುಟ್ಟಬಾರದು, ಅಲ್ಲಿಗೆ ಮುಗಿಯಿತು ಎಂಬುದು ಅವನದೇ ನಿಯಮ.

ಒಂದು ತಾನೇ ಬಾಕಿ, ಅದನ್ನು ನಾನೇ ಹೊಡೆದರೆ ಅಪ್ಪ ಈ ಮೇಜು ಬಿಟ್ಟು ಏಳುತ್ತಾನೆ ಎಂದುಕೊಂಡಿದ್ದಳು ಇರುವೆ. ಮೊದಲಿನ ಅಪ್ಪ ಆಗುತ್ತಾನೆ.

ಬಾಗಿಲ ಬಳಿ ರೇನ್‌ಕೋಟು ಕೊಡವಿದ ಸದ್ದು ಕೇಳಿಸಿತು. ಡಬ್ಬಿ ಇನ್ನೂ ಅವಳ ಕೈಯಲ್ಲೇ ಇತ್ತು.

ಅಪ್ಪ ಹುಡುಗನನ್ನು ನೋಡಿದ. ಡಬ್ಬಿಯನ್ನು ನೋಡಿದ. ತೆರೆದ ಕಿಟಕಿಯಾಚೆ ಸುರಿಯುತ್ತಿದ್ದ ಮಳೆಯನ್ನೂ ನೋಡಿದ. ಅಡುಗೆಮನೆಯಿಂದ ಬಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಬೇಕಂತ ಮಾಡಿಲ್ಲ ರೀ ಅವಳು," ಎಂದಳು.

ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಹುಡುಗನ ಮುಖವನ್ನು ಬೆರಳ ತುದಿಯಿಂದ ಒಂದು ಸಲ ಒರೆಸಿದ. ಬಿಳುಪು ಹೋಗಲಿಲ್ಲ. ಬೈದುಬಿಡಲಿ ಎಂದು ಇರುವೆ ಕಾಯುತ್ತಾ ನಿಂತಳು. ಬೈದರೆ ಅಳಬಹುದಿತ್ತು.

"ಮಳೇಲಿ ಇದನ್ನ ಹೊಡೀಬಾರ್ದು," ಎಂದ ಅಪ್ಪ. "ಗಾಳೀಲಿರೋ ತೇವಕ್ಕೆ ಬೆಳ್ಳಗಾಗಿಬಿಡುತ್ತೆ. ನಾನು ನಿನಗೆ ಹೇಳಿರ್ಲಿಲ್ಲ."

ಅಮ್ಮ ಒಳಗೆ ಹೋದಳು. ನಲ್ಲಿಯ ನೀರು ಸುಮ್ಮನೆ ಹರಿಯುವ ಸದ್ದು ಕೇಳಿಸುತ್ತಿತ್ತು.

ಕಲಸಿದ ಬಣ್ಣ ಒಣಗದಿರಲೆಂದು ಅಪ್ಪ ಟಿಫಿನ್ ಬಾಕ್ಸಿನ ಮುಚ್ಚಳದಲ್ಲಿದ್ದ ಸ್ಪಂಜಿಗೆ ನೀರು ಹಾಕಿದ. ನೀಲಿ ಬಣ್ಣದ ಶೀಶೆ ಹೊರಗೆ ತೆಗೆದ. "ಮೊದಲಿಂದ ಹಚ್ಚಬೇಕು," ಎಂದು ತನಗೆ ತಾನೇ ಹೇಳಿಕೊಂಡ. ಬಿಗಿಯಾಗಿದ್ದ ಅವನ ಹೆಗಲು ಇಳಿಯಿತು. ಉದ್ದಕ್ಕೆ ಉಸಿರು ಬಿಟ್ಟ.

ಆ ಉಸಿರು ಇರುವೆಗೆ ಗೊತ್ತಿತ್ತು. ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ಟೀಚರ್ ಹೇಳಿದಾಗ ಇಡೀ ಕ್ಲಾಸು ಬಿಡುವ ಉಸಿರು ಅದು.

ಅವಳು ತನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿಕೊಂಡಳು. ಸದ್ದಾಗದಂತೆ ಕಪಾಟು ತೆಗೆದು, ಹಳೆಯ ಪೇಪರುಗಳ ಹಿಂದೆ, ಕೈಗೆ ಸುಲಭವಾಗಿ ಸಿಗದ ಕಡೆ ಅದನ್ನು ಇಟ್ಟಳು.

"ಇರುವೆ," ಎಂದ ಅಪ್ಪ.

ಅವಳು ತಿರುಗಿದಳು.

"ದೀಪ ಸ್ವಲ್ಪ ಈ ಕಡೆ ತಿರುಗಿಸು."

ತಿರುಗಿಸಿದಳು. ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತಳು. ಸ್ವೆಟರು ಮೆಲ್ಲಗೆ ಮತ್ತೆ ನೀಲಿಯಾಯಿತು. ಎಡಗಾಲಿನ ಬೂಟಿಗೆ ಕಪ್ಪು ಹಚ್ಚಿ ಆದಮೇಲೆ ಅಪ್ಪ ಎಲ್ಲಕ್ಕಿಂತ ಸಣ್ಣ ಬ್ರಷ್ಷನ್ನು ಅವಳ ಕೈಗೆ ಕೊಟ್ಟ.

"ಲೇಸು ಕಟ್ಟಿರೋ ಹಾಗೆ ಬರೀಲಾ?" ಎಂದು ಕೇಳಿದಳು.

"ಬೇಡ. ಬಿಚ್ಚಿರ್ಲಿ."

ಉಸಿರು ಹಿಡಿದು ಅವಳು ಬಿಳಿ ಗೆರೆ ಎಳೆದಳು. ಸ್ವಲ್ಪ ಸೊಟ್ಟಗಾಯಿತು. ಅಪ್ಪ ತಿದ್ದಲಿಲ್ಲ.

ಮಳೆ ನಿಂತಿತು. ಎಲೆಯ ಮೇಲೂ ಗೋಡೆಯ ಮೇಲೂ ತೇವವಿಲ್ಲದ, ಚೆನ್ನಾಗಿ ಬಿಸಿಲು ಕಾದ ದಿನಗಳು ಎಷ್ಟೋ ಬಂದವು. ಸಂಜೆಯಾದರೆ ಇಬ್ಬರೂ ಮೇಜಿನ ಮುಂದೆ ಕೂರುತ್ತಿದ್ದರು. ಡಬ್ಬಿ ಎಲ್ಲಿ ಎಂದು ಅಪ್ಪ ಹುಡುಕಲಿಲ್ಲ. ಇರುವೆಯೂ ನೆನಪಿಸಲಿಲ್ಲ.

ವಾರ್ನಿಷ್ ಒಂದು ಬಾಕಿ ಎಂಬ ಮಾತನ್ನು ಅಪ್ಪ ಮತ್ತೆ ಯಾವತ್ತೂ ಹೇಳಲಿಲ್ಲ.