ಒಂದು ದಿನದ ಹದ

ಆ ಮುಂಜಾನೆ ಮುಗಿಲು ತೊಳೆದಿಟ್ಟ ಪರಾತದಂತೆ ಬೋಳಾಗಿತ್ತು. ಎರಡು ದಿನ ಹೊಯ್ದ ಉತ್ತರಿ ಮಳೆ ನಿಂತು, ಮುದೇನಕಟ್ಟಿಯ ಎರೆಹೊಲಗಳಿಂದ ಸಣ್ಣಗೆ ಉಗಿ ಏಳುತ್ತಿತ್ತು. ಪಡುವಣದಿಂದ ಒಣಗಾಳಿ ಹೊರಟಿದೆ, ನಾಳೆ ಮಧ್ಯಾಹ್ನಕ್ಕೆ ಮುಟ್ಟುತ್ತದೆ ಎಂದು ಹವಾಮಾನದವರು ಹೇಳಿದ್ದರು.

ಬದುವಿನುದ್ದಕ್ಕೂ ಮೊಳಕೈ ಉದ್ದದ ಮಣ್ಣುಗಿವಿಗಳು ನೆಲದೊಳಗೆ ಇಳಿದು ಕೂತಿದ್ದವು. ಮಣ್ಣಿನ ತೇವ, ಕಾವು, ಅಲ್ಲಿ ಬದುಕುವ ಸೂಕ್ಷ್ಮಜೀವಿಗಳ ಉಸಿರು ಇಷ್ಟನ್ನೂ ಆಲಿಸಿ, ಬಿತ್ತುವ ಹದ ಬಂತೋ ಇಲ್ಲವೋ ಎಂದು ಹೇಳುವ ಯಂತ್ರ ಅದು. ಹದವಿದ್ದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಹಸಿರು ಬಂದ ಹೊರತು ದೇಶದ ಯಾವ ಕೂರಿಗೆ ಯಂತ್ರದ ಬೀಗವೂ ತೆರೆಯಬಾರದೆಂದು ಮೂರು ವರ್ಷದ ಹಿಂದೆ ಕಾಯಿದೆ ತಂದವರು ಕೇಂದ್ರದ ಕೃಷಿ ಮಂತ್ರಿ ಫಕೀರಪ್ಪ ಕುರಹಟ್ಟಿಯವರೇ. ಬೀಜ ಹುಸಿಹೋಗುವುದು ಅಂದಿನಿಂದ ಅರ್ಧಕ್ಕಿಳಿದಿತ್ತು. ಆ ಹೆಮ್ಮೆಯಲ್ಲೇ ಅವರು ಬಿತ್ತನೆ ನೋಡಲು ಬಂದಿದ್ದರು.

ದೀಪ ಕೆಂಪಗಿತ್ತು.

ಹೊಲದ ಒಡತಿ ಗುರುಸಂಗವ್ವ ಎಪ್ಪತ್ತು ದಾಟಿದವಳು. ಬಗ್ಗಿ ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಕೆಳಗೆ ಬಿಟ್ಟಳು. ಉಂಡೆ ಪುಡಿಯೂ ಆಗಲಿಲ್ಲ, ಮೆತ್ತಿಕೊಳ್ಳಲೂ ಇಲ್ಲ, ನಾಲ್ಕು ಹೋಳಾಯಿತು.

"ನೋಡ್ರಿ ಮಂತ್ರಿ ಸಾಹೇಬ್ರ. ಇದು ಹದ ಅಲ್ಲಂದ್ರ ಮತ್ಯಾವುದು? ಹ್ವಾದ ವರ್ಷ ನಾಕು ದಿನ ನಿಂತಿತ್ತು. ಈ ವರ್ಷದ ಬಿಸಲಿಗೆ ಒಂದ ದಿನ. ಇವತ್ತ ಬಿತ್ತಲಿಲ್ಲಂದ್ರ ಹಿಂಗಾರಿ ಜ್ವಾಳದ ಆಸೆ ಬಿಡೂದ."

ಅವಳೊಬ್ಬಳ ಮಾತಲ್ಲ ಅದು. ಎರೆಸೀಮೆಯ ಹನ್ನೆರಡು ಲಕ್ಷ ಎಕರೆ ಅದೇ ಕೆಂಪು ದೀಪದ ಮುಂದೆ ಕೈಕಟ್ಟಿ ನಿಂತಿತ್ತು.

ಮಣ್ಣುಗಿವಿಯನ್ನು ರೂಪಿಸಿದ ವಿಜ್ಞಾನಿ ಡಾ. ಲವೀನಾ ಕುಟಿನ್ಹೊ ಕೈಯಲ್ಲಿದ್ದ ಪರದೆಯಿಂದ ತಲೆ ಎತ್ತಲಿಲ್ಲ. "ತೇವ ಸರಿ ಇದೆ ಸರ್. ಕಾವೂ ಸರಿ. ಆದರೂ ಕೊನೆಗೆ ಬೇಡ ಅಂತಲೇ ಹೇಳ್ತಿದೆ. ನಮಗೆ ತಿಳಿಯದ್ದು ಏನೋ ಅದಕ್ಕೆ ಕೇಳಿಸ್ತಿರಬಹುದು."

ಒಂದು ದಿನದ ಮಟ್ಟಿಗೆ ಬೀಗ ತೆಗೆಸುವ ಅಧಿಕಾರ ಮಂತ್ರಿಯ ಸಹಿಗಿತ್ತು. ಆದರೆ ಗೋದಾಮುಗಳಲ್ಲಿದ್ದುದು ಒಂದೇ ಬಿತ್ತನೆಗೆ ಸಾಲುವ ಬೀಜ. ದಿಲ್ಲಿಯಿಂದ ಕಾರ್ಯದರ್ಶಿ ಫೋನು ಮಾಡಿದರು: "ಯಂತ್ರ ತಪ್ಪಿದರೆ ಯಂತ್ರದ ತಪ್ಪು ಸರ್. ನೀವು ತಪ್ಪಿದರೆ..."

ಫಕೀರಪ್ಪನವರು ಫೋನು ಜೇಬಿಗಿಳಿಸಿ ಲವೀನಾಳತ್ತ ತಿರುಗಿದರು. "ಡಾಕ್ಟ್ರೇ, ಹದ ಅಂದ್ರ ಏನು ಅಂತ ಇದಕ್ಕ ಕಲಿಸಿದವರು ಯಾರು?"

"ರೈತರೇ ಸರ್. ನಲವತ್ತು ವರ್ಷದ ಹಿಂದೆ ಈ ಸೀಮೆಯವರು ಮೊಬೈಲಿನಲ್ಲಿ ಬರೆದಿಟ್ಟ ಬಿತ್ತನೆಯ ದಿನಗಳು. ಅವರು ಬಿತ್ತಿದ ದಿನ ಹದ, ಬಿತ್ತದ ದಿನ ಹದವಲ್ಲ. ಹಾಗೆ ಕಲಿತಿದೆ."

ಮಂತ್ರಿಗಳು ಹುಟ್ಟಿದ್ದು ಎತ್ತು ಕಟ್ಟಿದ ಒಕ್ಕಲು ಮನೆಯಲ್ಲಿ. ಅವರು ಮೆಲ್ಲಗೆ ಕೇಳಿದರು: "ಇವತ್ತ ಯಾವ ವಾರ?"

"ಸೋಮವಾರ."

"ಸೋಮವಾರ ಇದು ಯಾವಾಗರೆ ಹಸಿರು ತೋರಿಸ್ಯದ ಏನು, ನೋಡ್ರಿ."

ಲವೀನಾಳ ಬೆರಳು ಪರದೆಯ ಮೇಲೆ ಓಡಿ ಓಡಿ ನಿಂತಿತು. "ಒಂದು ಸಲವೂ ಇಲ್ಲ ಸರ್. ಮೂರು ವರ್ಷದಲ್ಲಿ ಒಂದೇ ಒಂದು ಸಲವೂ ಇಲ್ಲ."

ಗುರುಸಂಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ಶಿವನ! ಸೋಮಾರ ಎತ್ತು ಹೂಡಬಾರದ್ರೀ ಬಾಯಾರ, ಬಸವಣ್ಣನ ವಾರ. ನಿಮ್ಮ ಯಂತ್ರ ಯಾವಾಗ ಲಿಂಗಾ ಕಟಗೊಂತು?" ನಗುತ್ತ ನಗುತ್ತ ಅವಳ ದನಿ ತಗ್ಗಿತು. "ಎತ್ತು ಹೋಗಿ ಇಪ್ಪತ್ತು ವರ್ಷಾತು. ವಾರಾನೂ ಮರತ್ವಿ. ನಾವು ಮರತದ್ದು ಅದು ನೆನಪಿಟ್ಟೈತಿ ನೋಡ್ರಿ."

ಕಡಲ ದಂಡೆಯಲ್ಲಿ ಹುಟ್ಟಿದ ಲವೀನಾಳಿಗೆ ಇದು ಗೊತ್ತಿರಲಿಲ್ಲ. ಹದ ನಾಲ್ಕು ದಿನ ನಿಲ್ಲುತ್ತಿದ್ದಾಗ ಸೋಮವಾರದ ಕೆಂಪು ಮಂಗಳವಾರ ಹಸಿರಾಗುತ್ತಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಆದರೆ ಇವತ್ತಿನ ಕೆಂಪಿಗೆ ಅದೊಂದೇ ಕಾರಣ ಅಂತ ನಾನು ಆಣೆ ಮಾಡಲಾರೆ ಸರ್. ತಿದ್ದಿ ನೋಡಲು ಮೂರು ದಿನ ಬೇಕು. ಇನ್ನೂ ಏನೇನು ಕಲಿತಿದೆಯೋ! ಬರೆದವರಿಗೂ ಗೊತ್ತಿರಲಿಲ್ಲ. ದಿನಕ್ಕೊಂದು ಸಲ ಫೋನು ಒತ್ತುವಾಗ ಮುಂದೆ ಹುಟ್ಟುವ ಯಾವುದಕ್ಕೋ ಪಾಠ ಹೇಳ್ತಿದ್ದೇವೆ ಅಂತ ಯಾರು ತಾನೇ ಅಂದುಕೊಳ್ತಾರೆ?"

ಫಕೀರಪ್ಪನವರು ಬೂಟು ಕಳಚಿ ಹೊಲಕ್ಕಿಳಿದರು. ಹಿಡಿ ಮಣ್ಣು ತೆಗೆದರು. ಮೂವತ್ತು ವರ್ಷ ಕಡತ ಹಿಡಿದ ಕೈ ಅದು. ಉಂಡೆ ಎರಡು ಸಲ ಕಟ್ಟಲೇ ಇಲ್ಲ. ಮೂರನೆಯ ಸಲ ಕಟ್ಟಿತು, ಬಿಟ್ಟರೆ ನಾಲ್ಕು ಹೋಳಾಯಿತು. ಕಣ್ಣು ಮುಚ್ಚಿ ಒಳಗೊಳಗೇ ಶಿವನನ್ನು ನೆನೆದು, ಸಹಿ ಹಾಕಿದರು.

ಬೀಗಗಳು ತೆರೆದವು. ಎರೆಸೀಮೆಯ ತುಂಬ ಯಂತ್ರಗಳು ಗುಂಯ್‌ಗುಟ್ಟುತ್ತ ಹೊರಟವು. ಗುರುಸಂಗವ್ವನ ಹೊಲದಲ್ಲಿ ಇನ್ನೆಂಟು ಸಾಲು ಇರುವಾಗ ಹೊತ್ತು ಮುಳುಗಿತು, ಬ್ಯಾಟರಿಯೂ ಮುಗಿಯಿತು.

ಆರನೆಯ ದಿನ ನೆಲ ಒಡೆದು ಮೊಳಕೆ ತಲೆ ಎತ್ತಿತೆನ್ನಿ. ಅದು ಆಮೇಲಿನ ಮಾತು. ಮಂಗಳವಾರ ಬೆಳಗ್ಗೆ ಯಾರಿಗೂ ಏನೂ ತಿಳಿದಿರಲಿಲ್ಲ. ನಿದ್ದೆಗೆಟ್ಟ ಕಣ್ಣಿನಲ್ಲಿ ಫಕೀರಪ್ಪನವರು ಬಂದು ನೋಡಿದರೆ ದೀಪ ಹಸಿರಾಗಿತ್ತು, ಕೂರಿಗೆ ಯಂತ್ರ ಅಲ್ಲೇ ನಿಂತಿತ್ತು.

"ಯವ್ವಾ, ಗಾಳಿ ಬರೂದ್ರಾಗ ಆ ಎಂಟು ಸಾಲು ಮುಗಿಸಿಬಿಡ್ರಿ. ನಾಳಿಗೆ ಒಣಗತಾವು."

"ಒಣಗಲಿ ಬಿಡೋ ತಮ್ಮಾ," ಅಂದಳು ಗುರುಸಂಗವ್ವ. "ನಿನ್ನೆದು ನಮ್ಮ ದಿನ ಅಲ್ಲಾಗಿತ್ತು, ಬಸವಣ್ಣಂದು. ಕೇಳಲಾರದ ಇಸಗೊಂಡೇವಿ, ಇವತ್ತಿಂದು ಅವಗ ಕೊಡೂಣು."

ಅವಳು ಯಂತ್ರದ ಕೀಲಿ ತೆಗೆದು, ಮನೆಗೆ ಹೋಗಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು. ಇಪ್ಪತ್ತು ವರ್ಷದಿಂದ ಬರಿದಾಗಿದ್ದ ಎತ್ತಿನ ಗೋದಲಿಯ ಧೂಳನ್ನು ಸೆರಗಿನಿಂದ ಒರೆಸಿ, ಬದುವಿನಿಂದ ಕೊಯ್ದು ತಂದ ಒಂದು ಹಿಡಿ ಹಸಿಹುಲ್ಲನ್ನು ಅದರೊಳಗೆ ಇಟ್ಟಳು.