ಬೋರಿ ಬಂತೆಂಬ ಮಾತು

ಹೆಣ್ಣುಕುದುರೆಗಳ ಹಾಲು ಕರೆಯುವ ಮುನ್ನ ಮರಿಗಳನ್ನು ಗೂಟಕ್ಕೆ ಕಟ್ಟಲು ಹೋದ ಹಿರಿಯಾಕೆ ಕುಲ್ಯಾಶ್ ಅಪಾ ಅಲ್ಲೇ ನಿಂತು ಮತ್ತೆ ಎಣಿಸಿದರು. ಒಂದು ಮರಿ ಇಲ್ಲ. ಹುಲ್ಲಿನ ಮೇಲೆ ರಕ್ತ.

ಕುದುರೆಗಳ ಮಾಲೀಕ ಸಬಿರ್‌ಖಾನ್ ಓಡಿ ಬಂದ. ಅವನ ತಮ್ಮನ ಮಗ ದೌಲೆತ್ ಮಂದೆಯ ನಡುವೆ ನಿಂತು ಗಟ್ಟಿಯಾಗಿ ಹೇಳಿದ.

“ಬೋರಿ ಬಂದಿತ್ತು, ಅಗಾ. ಕಣ್ಣಾರೆ ಕಂಡೆ. ಮರಿ ಎಳ್ಕೊಂಡು ಗುಡ್ಡ ಹತ್ತಿತು. ಅಪಾಗೆ ಒಳ್ಳೇ ನಿದ್ದೆ.”

ತೋಳದ ಹೆಸರು ಕೇಳಿ ಅಪಾ ಬೆಚ್ಚಿ ಮಂದೆಯತ್ತ ನೋಡಿದರು. “ನಾನು ಮಲಗಿರಲಿಲ್ಲ ಕಣಪ್ಪ. ಊಳಿಡೋವನು ಬಂದಿದ್ರೆ ಗೊತ್ತಾಗ್ತಿರಲಿಲ್ವಾ?”

“ಸಂಜೆಯೊಳಗೆ ಗುಡಾರ ಬಿಚ್ಚಿ ಕೆಳಗಿಳೀರಿ,” ಎಂದ ಸಬಿರ್‌ಖಾನ್.

ರೌಶಾನ್ ಅಪಾ ಪಕ್ಕಕ್ಕೆ ಬಂದು ನಿಂತಳು. ತುರ್ಕಿ ಮಾತುಗಳನ್ನಾಡುವವರು ತೋಳವನ್ನು ಏನೆಂದು ಕರೆಯುತ್ತಾರೆಂದು ಕೇಳುತ್ತ ಅಲ್ಮಾಟಿಯಿಂದ ಬಂದವಳು ಅವಳು. ಬೇಸಿಗೆಯಿಡೀ ಅಪಾ ಅವರ ಗುಡಾರದಲ್ಲೇ ಉಂಡಿದ್ದಳು. ಈ ಹುಲ್ಲುಗಾವಲು ಬಿಟ್ಟರೆ ಅಪಾಗೆ ಬೇರೆ ನೆಲೆಯಿರಲಿಲ್ಲ.

*

ಅಪಾ ಅವರ ನಾಯಿ ಎದುರಾಯಿತು. ಮೂತಿಯೆಲ್ಲ ಕೆಂಪು. ಮರಿ ತಿಂದದ್ದು ಇದೇನಾ? ರೌಶಾನ್ ಅದರ ಹಿಂದೆ ಹೋದಳು.

ನಾಯಿ ನೆಟ್ಟಗೆ ದೌಲೆತ್‌ನ ಗುಡಾರದ ಹಿಂದೆ ನಡೆದು, ಮಣ್ಣು ಕೆದಕಿ, ಹೊಸದಾಗಿ ಕಡಿದ ಕುರಿಯ ಕರುಳಿಗೆ ಬಾಯಿ ಹಾಕಿತು. ಹಬ್ಬವಿಲ್ಲ, ನೆಂಟರಿಲ್ಲ. ಕುರಿಯನ್ನು ಗುಟ್ಟಾಗಿ ಕಡಿದದ್ದು ಯಾಕೆ?

*

ಅವಳು ಮರಳಿದಾಗ ಅಪಾ ಅವರ ಗುಡಾರ ಅರ್ಧ ಬಿಚ್ಚಿಹೋಗಿತ್ತು; ಮೊದಲ ಗಂಟಿಗೆ ಕೈ ಹಾಕಿದ್ದವನು ದೌಲೆತ್.

“ಅಗಾ, ಹುಲ್ಲಿನ ಮೇಲಿರೋದು ಕುರಿ ರಕ್ತ,” ಎಂದಳು ರೌಶಾನ್ ಸಬಿರ್‌ಖಾನ್‌ಗೆ. “ಅದರ ಕರುಳು ಇವನ ಗುಡಾರದ ಹಿಂದೆ ಹೂತಿದೆ. ತೋಳ ಬಂದೇ ಇಲ್ಲ. ದೌಲೆತ್‌ಗೆ ಅದು ಗೊತ್ತು.”

“ಏನಕ್ಕಾ, ಪತ್ತೇದಾರಿಕೆ ಶುರುವಾಯ್ತಾ?” ದೌಲೆತ್ ನಕ್ಕ.

“ಅಲ್ತಾಯಿಂದ ವೋಲ್ಗಾವರೆಗೂ ಅದರ ಹಳೇ ಹೆಸರು ಬೋರಿ. ಮಂದೆ ಹೋದಲ್ಲೆಲ್ಲ ಹೆಸರೂ ಹೋಯ್ತು, ಭಯಾನೂ ಹೋಯ್ತು. ಕರೆದ್ರೆ ಬರುತ್ತೆ ಅಂತ ಜನ ಹೆಸರನ್ನೇ ಮುಚ್ಚಿಟ್ರು. ತುರ್ಕಿಯವ್ರು ಅದನ್ನ ಹುಳ ಅಂದ್ರು, ಕೊನೆಗೆ ಅದೇ ಹೆಸರಾಗಿ ನಿಂತಿತು. ನೀವು ಊಳಿಡೋವನು ಅಂತೀರಿ. ಇವನು ನಿಜವಾಗ್ಲೂ ತೋಳ ಕಂಡಿದ್ರೆ ಅದು ಇನ್ನೂ ಗುಡ್ಡದಲ್ಲೇ ಇರ್ಬೇಕು. ಮರಿಗಳ ನಡುವೆ ನಿಂತು ಅದರ ಹೆಸರು ಹಿಡಿದು ಕೂಗ್ತಿದ್ನಾ?”

“ನಾನು ಅದನ್ನೆಲ್ಲ ನಂಬಲ್ಲ.”

“ನಂಬಲ್ವಾ?” ಎಂದರು ಅಪಾ. “ಹೋದ ವಾರ ರೌಶಾನ್ ಆ ಹೆಸರು ಕೇಳಿದಾಗ, ಮಂದೆಯಿಂದ ದೂರ ಕರ್ಕೊಂಡು ಹೋಗಿ ಕಿವೀಲಿ ಹೇಳಿದೋನು ನೀನೇ.”

ದೌಲೆತ್ ಹಿಂದೆ ಸರಿದ. ಸಬಿರ್‌ಖಾನ್ ಅವನ ಕೊರಳಪಟ್ಟಿಗೆ ಕೈ ಹಾಕಿದಾಗ ಬಾಯಿ ಬಿಟ್ಟ. ಮರಿಯನ್ನು ಕಮರಿಯಲ್ಲಿ ಕಟ್ಟಿಹಾಕಿದ್ದ. ಕೊಳ್ಳುವವನ ಲಾರಿ ಸಂಜೆ ಬರುವುದಿತ್ತು.

ಕಮರಿಯಿಂದ ತಂದ ಮರಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಸಬಿರ್‌ಖಾನ್ ತಾನೇ ಹಗ್ಗ ಹಿಡಿದು ಗುಡಾರ ಕಟ್ಟಲು ನಿಂತ. ಅಪಾ ಅತ್ತ ನೋಡಲಿಲ್ಲ. ದೌಲೆತ್‌ನ ಮುಂದೆ ನಿಂತರು.

“ಮರಿ ಕದ್ದೆ, ಹೋಗ್ಲಿ. ತಾಯಿ ಸತ್ತ ಮೇಲೆ ಇದೇ ಗುಡಾರದಲ್ಲಿ ಬೆಳೆದೋನು ನೀನು. ಇವತ್ತು ಅದರ ಮೊದಲ ಗಂಟು ಬಿಚ್ಚೋಕೆ ನಿನ್ನ ಕೈ ಹೇಗೆ ಬಂತೋ?”