ನಾಲ್ಕನೆಯ ಕರು

"ಡಾಕ್ಟ್ರೇ, ನಾನು ಹೊಡೆದಿದ್ದು ತಪ್ಪು ಕರಡೀನಾ? ಅದೊಂದು ಹೇಳ್ಬಿಡಿ ನಂಗೆ."

ಡರ್ಕ್ ವೀಲಿಂಗ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಡಾಕ್ಟರ್ ಥೆಲ್ಮಾ ಹೌಗನ್ ಕಾಫಿ ಲೋಟವನ್ನು ಕೆಳಗಿಟ್ಟರು. ದನದ ಡಾಕ್ಟರಾಗಿ ನಲವತ್ತು ವರ್ಷ ಆಲ್ಬರ್ಟಾದ ಈ ಬೆಟ್ಟದ ತಪ್ಪಲನ್ನು ಸುತ್ತಿದವರು ಅವರು. ಆಸ್ಪತ್ರೆ ಮುಚ್ಚಿದ ಮೇಲೂ ಕಣಿವೆಯಲ್ಲಿ ಏನೇ ಗೋಜಲಾದರೂ ಜನ ಪೊಲೀಸರಿಗಿಂತ ಮೊದಲು ಅವರ ಮನೆಗೇ ಬರುತ್ತಿದ್ದರು. ಅವರಿಗೆ ಸಹಾಯಕನಾಗಿದ್ದ ನಾನು, ರೂಬೆನ್, ಆಸ್ಪತ್ರೆ ಮುಚ್ಚಿದರೂ ಅವರನ್ನು ಬಿಟ್ಟಿರಲಿಲ್ಲ.

ವಿಷಯ ನಮಗೆ ಗೊತ್ತಿತ್ತು. ಒಂದೇ ತಿಂಗಳಲ್ಲಿ ಡರ್ಕ್‌ನ ಮೂರು ಕರುಗಳನ್ನು ಗ್ರಿಜ್ಲಿ ಕರಡಿ ಕೊಂದಿತ್ತು. ಅದನ್ನು ಹೊಡೆಯಲು ವನ್ಯಜೀವಿ ಇಲಾಖೆ ಬೇಟೆಗಾರರ ಪಟ್ಟಿಯಲ್ಲಿ ಚೀಟಿ ಎತ್ತಿದಾಗ ಡರ್ಕ್‌ನ ಹೆಸರೇ ಬಂತು. ಅವನು ಒಂದು ಮುದಿ ಗಂಡು ಕರಡಿಯನ್ನು ಹೊಡೆದ. ಅವನ ಫೋಟೊ ಅಂಗಡಿಯ ಗೋಡೆ ಏರಿತು. ಹದಿನೆಂಟು ದಿನ ಕಣಿವೆ ತಣ್ಣಗಿತ್ತು. ನಿನ್ನೆ ಸಂಜೆ ಅವನ ಹುಲ್ಲುಗಾವಲಿನಲ್ಲೇ ನಾಲ್ಕನೆಯ ಕರು ಸತ್ತು ಬಿದ್ದಿತ್ತು, ಮೈಮೇಲೆಲ್ಲ ಉಗುರಿನ ಗೀರು.

"ಅರ್ಧ ಊರು ನನ್ನನ್ನ ಕೊಲೆಗಾರ ಅಂತಿದೆ," ಅಂದ ಡರ್ಕ್. "ಇನ್ನರ್ಧ, ತೊರೆ ಹತ್ರ ಎರಡು ಮರಿ ಕಟ್ಕೊಂಡು ಓಡಾಡ್ತಿರೋ ತಾಯಿ ಕರಡೀನೂ ಹೊಡೀಬೇಕು ಅಂತಿದೆ. ಮೂರು ಗಂಟೆಗೆ ಸಭೆ. ಇವತ್ತೇ ತೀರ್ಮಾನ ಅಂತೆ."

"ರೂಬೆನ್, ಗಾಡಿ ತೆಗಿ," ಅಂದರು ಡಾಕ್ಟರು. ಆಮೇಲೆ, "ಅಯೋನಾಗೂ ಫೋನ್ ಮಾಡು. ಅವಳ ಕಣ್ಣು ಚುರುಕು."

ಅಯೋನಾ ಹೆಸರು ಕೇಳಿದರೇ ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತುತ್ತಿತ್ತು. ರೈತರಿಗೆ ಕರೆಂಟು ಬೇಲಿ ಹಾಕಿಸಲು ಏಪ್ರಿಲ್‌ನಲ್ಲಿ ಬಂದ ಹುಡುಗಿ ಅವಳು. ಬೇಟೆಯಿಂದ ಏನೂ ಪ್ರಯೋಜನವಿಲ್ಲ, ಬೇಲಿಯೇ ಮದ್ದು ಎಂದು ಎಲ್ಲರೊಡನೆ ವಾದಿಸುತ್ತಿದ್ದಳು. ಹತ್ತೊಂಬತ್ತು ವರ್ಷ ನಾನು ಡಾಕ್ಟರ ಬ್ಯಾಗು ಹೊತ್ತಿದ್ದೆ. ಈಗ ಅದು ಅವಳ ಹೆಗಲಿಗೆ ಹೋಗಿತ್ತು.

ಕರುವಿನ ಪಕ್ಕ ಡರ್ಕ್‌ನ ಅಣ್ಣ ಗೆರಿಟ್ ಬಂದೂಕು ಹಿಡಿದು ಕಾಯುತ್ತಿದ್ದ. ಕಣಿವೆಯಲ್ಲಿ ಅವನಂಥ ಗುರಿಕಾರ ಇನ್ನೊಬ್ಬನಿರಲಿಲ್ಲ.

"ಬಾರಮ್ಮ ಬೇಲಿ ರಾಣಿ," ಅಂದ ಅಯೋನಾಗೆ. ಆಮೇಲೆ ತಮ್ಮನ ಕಡೆ ತಿರುಗಿ, "ನೋಡಿದ್ಯಾ ಡರ್ಕ್? ಚೀಟಿ ಯಾರ ಹೆಸರಿಗಾದ್ರೂ ಬರುತ್ತೆ. ಗುರಿ ಎಲ್ಲರಿಗೂ ಬರಲ್ಲ."

ಡಾಕ್ಟರು ಮಂಡಿಯೂರಿ ಕೂತರು. ಕರುವಿಗೆ ಎರಡು ಕಿವಿಗಳೂ ಇರಲಿಲ್ಲ. ಹಾಗಾಗಿ ಯಾರ ಕರುವೆಂದು ಹೇಳುವ ಕಿವಿಯ ನಂಬರೂ ಇರಲಿಲ್ಲ. ಕುತ್ತಿಗೆಯಲ್ಲಿ ಹಲ್ಲಿನ ಗುರುತು ಕಾಣಲಿಲ್ಲ. ಅವರು ತೊಡೆಯ ಮೇಲೆ ಅಂಗೈ ಒತ್ತಿದರು. ಒಣ ಎಲೆ ತುಳಿದಂತೆ ಚರಚರ ಎಂದಿತು. ಚಾಕುವಿನಿಂದ ಗೀರಿನ ಕೆಳಗಿನ ಚರ್ಮ ಬಿಡಿಸಿ ನೋಡಿದರು. ಎಲ್ಲೂ ರಕ್ತ ಹೆಪ್ಪುಗಟ್ಟಿರಲಿಲ್ಲ. ಗೀರೊಂದರಲ್ಲಿ ಅಕ್ಕಿನುಚ್ಚಿನಷ್ಟು ಹಳದಿ ಚೂರು ಸಿಕ್ಕಿತು. ಅದನ್ನು ಕಾಗದದಲ್ಲಿ ಕಟ್ಟಿದರು.

ನನ್ನೆದೆ ಹಿಗ್ಗಿತು. ಅಯೋನಾ ಹಾಕಿಸಿದ ಬೇಲಿಯ ಗೂಟಗಳಿಗೆಲ್ಲ ಹಳದಿ ಪ್ಲಾಸ್ಟಿಕ್ ಬಿಲ್ಲೆಗಳಿದ್ದವು!

"ಗೆರಿಟ್, ನಿನ್ನ ದನಕ್ಕೆಲ್ಲ ಈ ವರ್ಷ ಸೂಜಿ ಹಾಕಿಸ್ದೆಯಾ? ಡರ್ಕ್‌ನ ಅಷ್ಟೂ ಕರುಗಳಿಗೆ ರೂಬೆನ್ನೇ ಹಾಕಿದ," ಎಂದು ಡಾಕ್ಟರು ಲೋಕಾಭಿರಾಮವಾಗಿ ಕೇಳಿದರು.

"ನಮ್ಮಪ್ಪನ ಕಾಲದಲ್ಲಿ ಯಾವ ಸೂಜಿ ಇತ್ತು ಡಾಕ್ಟ್ರೇ? ಬನ್ನಿ, ಕಾಫಿ ಕುಡಿದು ಹೋಗಿ."

ಗೆರಿಟ್‌ನ ಮನೆಯ ಗೋಡೆಯ ಮೇಲೆ ಅವನ ಅಪ್ಪ ಹೊಡೆದ ಕರಡಿಯ ಚರ್ಮವಿತ್ತು. ಡಾಕ್ಟರು ಅದರ ಮುಂದೆ ತುಂಬ ಹೊತ್ತು ನಿಂತರು. ಎಡ ಪಂಜದ ಉಗುರುಗಳು ಹಳದಿಯಾಗಿ ಮಿಂಚುತ್ತಿದ್ದವು. ಬಲ ಪಂಜದವು ಮಂಕಾಗಿದ್ದವು. ನನಗೆ ಅದರ ಮೇಲೆ ಗಮನವಿರಲಿಲ್ಲ. ಅಯೋನಾಳನ್ನು ಹೇಗೆ ಹಿಡಿಯುವುದೆಂದೇ ಯೋಚಿಸುತ್ತಿದ್ದೆ.

ಮೂರು ಗಂಟೆಗೆ ಸಭಾಭವನ ತುಂಬಿತ್ತು. ವನ್ಯಜೀವಿ ಇಲಾಖೆಯ ಅಧಿಕಾರಿ ಹಾಲ್ಡನ್ ಕಡತ ಬಿಚ್ಚುವ ಮೊದಲೇ ನಾನು ಎದ್ದು ನಿಂತೆ.

"ಸ್ವಾಮಿ, ಇದು ಕರಡಿ ಕೆಲಸ ಅಲ್ಲ. ಕರುವಿನ ಗಾಯದಲ್ಲಿ ಬೇಲಿ ಬಿಲ್ಲೆಯ ಚೂರು ಸಿಕ್ಕಿದೆ. ಬೇಟೆ ಸೋತರೆ ಗೆಲ್ಲೋದು ಯಾರು? ಕೇಳಿ ಈ ಹುಡುಗೀನ!"

ಅಯೋನಾಳ ಮುಖ ಕೆಂಪಾಯಿತು. "ರೂಬೆನ್, ನಾನು ನಿಮಗೇನು ಮಾಡಿದೀನಿ?" ಎಂದಷ್ಟೇ ಕೇಳಿದಳು.

"ಕೂತ್ಕೋ ರೂಬೆನ್," ಅಂದರು ಡಾಕ್ಟರು. ದನಿ ಏರಿಸಲಿಲ್ಲ. "ಅರ್ಧ ನಿಜ ಹೇಳಿದೆ. ಇದು ಕರಡಿ ಕೆಲಸ ಅಲ್ಲ. ಜೀವ ಇರೋ ಮೈಯನ್ನ ಗೀರಿದ್ರೆ ಒಳಗೆ ರಕ್ತ ಹೆಪ್ಪುಗಟ್ಟುತ್ತೆ. ಇಲ್ಲಿ ಒಂದು ತೊಟ್ಟೂ ಇಲ್ಲ. ಕರು ಸತ್ತ ಮೇಲೆ ಗೀರಿದಾರೆ. ಸತ್ತಿದ್ದು ಚಪ್ಪೆ ಬೇನೆಯಿಂದ, ಮಾಂಸದೊಳಗೆ ಗಾಳಿ ತುಂಬೋ ರೋಗ ಅದು. ತೊಡೆ ಒತ್ತಿದ್ರೆ ಚರಚರ ಅನ್ನೋದು ಆ ಬೇನೆಯ ಗುರುತು. ಸೂಜಿ ಹಾಕಿದ ದನಕ್ಕೆ ಅದು ಬರೋದು ತೀರಾ ಅಪರೂಪ. ಹಾಗಾದ್ರೆ ಡರ್ಕ್‌ನ ಹುಲ್ಲುಗಾವಲಲ್ಲಿ ಬಿದ್ದಿದ್ದು ಡರ್ಕ್‌ನ ಕರುವೇನಾ? ನಂಬರು ಸಿಗಬಾರದು ಅಂತ ಕಿವಿ ಕೊಯ್ದಿದಾರೆ. ಕರಡಿ ಹೊಟ್ಟೆ ಬಿಟ್ಟು ಬರೀ ಕಿವಿ ತಿನ್ನುತ್ತಾ?"

ಸಭೆಯಲ್ಲಿ ಯಾರೋ ನಕ್ಕರು.

"ಈ ಚೂರು ಪ್ಲಾಸ್ಟಿಕ್ ಅಲ್ಲ. ಸ್ಪಿರಿಟ್ಟಿನಲ್ಲಿ ಹಾಕಿದೆ, ಕರಗಿ ಅಂಟಾಯ್ತು. ಹಳೇ ವಾರ್ನಿಷ್. ಕರಡಿ ಉಗುರಿಗೆ ವಾರ್ನಿಷ್ ಬಳಿಯೋದು ಗೋಡೆಗೆ ನೇತುಹಾಕುವಾಗ ಮಾತ್ರ. ಗೆರಿಟ್, ನಿಮ್ಮಪ್ಪನ ಕರಡಿಯ ಬಲ ಪಂಜದಲ್ಲಿ ಮಾತ್ರ ಹೊಳಪು ಯಾಕಪ್ಪಾ ಹೋಯ್ತು?"

ಗೆರಿಟ್ ಎದ್ದ. ಬಾಗಿಲ ಕಡೆ ಹೋಗುತ್ತಾನೆಂದುಕೊಂಡೆವು. ಹೋಗಲಿಲ್ಲ.

"ಡರ್ಕ್‌ಗೆ ಬಂದೂಕು ಹಿಡಿಯೋದು ಕಲಿಸಿದ್ದು ನಾನು," ಅಂದ. "ಮೂವತ್ತು ವರ್ಷ ಈ ಕಣಿವೇಲಿ ಗುರಿ ಅಂದ್ರೆ ಗೆರಿಟ್ ಅಂತಿದ್ರು. ಒಂದು ಚೀಟಿ ಬಂತು, ಅವನು ಗೋಡೆ ಮೇಲೆ ಹೋದ. ಅಂಗಡಿಗೆ ಬ್ರೆಡ್ಡು ತರೋಕೆ ಹೋದ್ರೂ 'ಓ, ನೀವು ಡರ್ಕ್ ಅವರ ಅಣ್ಣನಾ?' ಅಂತಾರೆ. ಅವನು ತಪ್ಪು ಕರಡಿ ಹೊಡೆದ ಅಂತ ಒಂದೇ ಒಂದು ದಿನ ಜನ ಅನ್ಲಿ ಅಂತಿತ್ತು ನಂಗೆ. ಅಷ್ಟೇ."

"ಅಷ್ಟಕ್ಕೇ ಒಂದು ತಾಯಿ ಕರಡಿ, ಎರಡು ಮರಿ ಸಾಯ್ತಿದ್ವು," ಅಂದರು ಡಾಕ್ಟರು.

ಡರ್ಕ್ ಅಣ್ಣನನ್ನು ನೋಡಲಿಲ್ಲ. ಡಾಕ್ಟರನ್ನೇ ಕೇಳಿದ: "ನನ್ನ ಕರಡಿ?"

"ಸರಿಯಾದ್ದೇ ಕಣಪ್ಪಾ. ಮೊದಲ ಮೂರು ಕರುಗಳ ಕುತ್ತಿಗೆಯಲ್ಲಿ ನಾಲ್ಕು ಕೋರೆಹಲ್ಲಿನ ತೂತು ಇರ್ಬೇಕಿತ್ತು, ಮೂರೇ ಇದ್ವು. ಅಯೋನಾ ಅಳೆದು ಬರೆದಿಟ್ಟಿದಾಳೆ. ಮಧ್ಯಾಹ್ನ ಹಾಲ್ಡನ್ ಅವರ ಹತ್ರ ಇರೋ ನಿನ್ನ ಕರಡಿಯ ತಲೆಬುರುಡೆ ನೋಡ್ದೆ. ಒಂದು ಕೋರೆ ಬುಡಕ್ಕೇ ಮುರಿದಿದೆ."

"ಹಾಗಾದರೆ ಬೇಟೆಯಿಂದ ಉಪಯೋಗವಿದೆ ಅಂತ ಬರ್ಕೊಳ್ಳಲೇ?" ಎಂದರು ಹಾಲ್ಡನ್.

"ಆ ಒಂದು ಕರಡಿಯ ಮಟ್ಟಿಗೆ ಇತ್ತು ಅಂತ ಬರ್ಕೊಳ್ಳಿ. ಕರು ಕೊಲ್ಲೋದು ಕಲಿತ ಕರಡಿ ಅದು. ಆದ್ರೆ ಅದು ಇಲ್ಲಿಗೆ ಬಂದಿದ್ದು ಸತ್ತ ದನಗಳನ್ನ ಡರ್ಕ್ ಎಸೆಯೋ ಗುಂಡಿಯ ನಾತಕ್ಕೆ. ಗುಂಡಿ ಹಾಗೇ ಇದ್ರೆ ಇನ್ನೊಂದು ಬರುತ್ತೆ, ಅದನ್ನೂ ಹೊಡೀತೀರಿ, ಮತ್ತೊಂದು ಬರುತ್ತೆ. ತಾಯಿ ಕರಡಿ ಯಾರ ಕರುವನ್ನೂ ಮುಟ್ಟಿಲ್ಲ. ಅದನ್ನ ಹೊಡೆದ್ರೆ ಯಾರಿಗೂ ಉಪಯೋಗ ಇಲ್ಲ."

ತಾಯಿ ಕರಡಿಯ ಬೇಟೆಗೆ ಅಪ್ಪಣೆ ಸಿಗಲಿಲ್ಲ. ಗೆರಿಟ್‌ನ ಹೆಸರನ್ನು ಬೇಟೆಗಾರರ ಪಟ್ಟಿಯಿಂದ ಹೊಡೆದುಹಾಕಿದರು.

ಹೊರಗೆ ಬಂದಾಗ ನಾನು ಕೇಳಿದೆ: "ಪಂಜ ನೋಡೋಕೆ ಮುಂಚೆನೇ ಗೆರಿಟ್ ಮೇಲೆ ಅನುಮಾನ ಬಂದಿತ್ತಾ, ಡಾಕ್ಟ್ರೇ?"

"ಅವನು ತಮ್ಮನನ್ನ ನೋಡೋ ರೀತಿ ನೋಡಿದ ಕೂಡ್ಲೇ," ಅಂದರು. "ಏಪ್ರಿಲ್‌ನಿಂದ ದಿನಾ ಮನೇಲಿ ಅದೇ ನೋಟ ನೋಡ್ತಿದೀನಲ್ಲಯ್ಯಾ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಬೆಳಗ್ಗೆ ಡರ್ಕ್‌ನ ಗುಂಡಿ ಮುಚ್ಚುವ ಕೆಲಸ ನಡೆಯಿತು. ಗೆರಿಟ್ ಯಾರೂ ಕರೆಯದೆ ತನ್ನ ಟ್ರಾಕ್ಟರ್ ತಂದು ಮಣ್ಣು ತಳ್ಳತೊಡಗಿದ. ಒಂದು ಗಂಟೆ ಡರ್ಕ್ ಅವನ ಕಡೆ ತಿರುಗಲಿಲ್ಲ. ಆಮೇಲೆ, "ಅಣ್ಣಾ, ಆ ಮೂಲೇಗೆ ಇನ್ನೊಂಚೂರು ಹಾಕು," ಅಂದ. ಗೆರಿಟ್ ತೋಳಿನಿಂದ ಮುಖ ಒರೆಸಿಕೊಂಡು ಟ್ರಾಕ್ಟರ್ ತಿರುಗಿಸಿದ.

ಅಯೋನಾ ಸುತ್ತಲೂ ಬೇಲಿಗೆ ತಂತಿ ಬಿಗಿಯುತ್ತಿದ್ದಳು. ನಾನು ಹತ್ತಿರ ಹೋಗಿ, ರಾತ್ರಿಯೆಲ್ಲ ಕಲಿತ ಮಾತನ್ನು ಮರೆತು ನಿಂತೆ.

"ನಿನ್ನೆ ನಾನು... ಎಲ್ಲರ ಮುಂದೆ..."

"ಕ್ಷಮೆ ಆಮೇಲೆ ಕೇಳಿ," ಅಂದಳು, ತಂತಿಯ ತುದಿಯನ್ನು ನನ್ನ ಕೈಗಿಡುತ್ತ. "ಮೊದಲು ಎಳೀರಿ."

ಎಳೆದೆ. ಅಷ್ಟರಲ್ಲಿ ಡಾಕ್ಟರು ದೂರದಿಂದ "ಅಯೋನಾ, ರೂಬೆನ್, ಕಾಫಿ!" ಎಂದು ಕೂಗಿದರು. ಅವಳ ಹೆಸರೇ ಮೊದಲು ಬಂದಿತ್ತು. ಎದೆಯಲ್ಲಿ ಚುಳ್ ಅಂದಿತು. ಆದರೂ ತಂತಿ ಬಿಡದೆ ಗೂಟಕ್ಕೆ ಸುತ್ತಿ ಬಿಗಿದ ಮೇಲೇ ಹೋದೆ.